ಸ್ಮಾರ್ಟ್ ಸ್ವಿಚ್ ಮಾತು ಕೇಳದಿದ್ದರೆ: ರೀಸೆಟ್ ಒತ್ತುವ ಮೊದಲು

ಆ್ಯಪ್‌ನಲ್ಲಿ ‘ಆಫ್‌ಲೈನ್’ ಎಂದು ಕಂಡ ಕೂಡಲೇ ಹೆಚ್ಚಿನವರ ಬೆರಳು ಹೋಗುವುದು ರೀಸೆಟ್ ಬಟನ್‌ಗೆ. ಅದು ಕೊನೆಗೆ ಮಾಡಬೇಕಾದ ಕೆಲಸ. ರೀಸೆಟ್ ಆದ ಸಾಧನ ವೈಫೈ ಹೆಸರು, ಪಾಸ್‌ವರ್ಡ್, ವೇಳಾಪಟ್ಟಿ ಎಲ್ಲವನ್ನೂ ಮರೆಯುತ್ತದೆ. ತೊಂದರೆ ಎಲ್ಲಿತ್ತು ಎಂಬ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ದೋಷ ರೂಟರ್‌ನಲ್ಲಿದ್ದರಂತೂ ರೀಸೆಟ್ ಮಾಡಿದ ಸಾಧನ ಮತ್ತೆ ಸೇರಿಕೊಳ್ಳುವುದೇ ಇಲ್ಲ. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ವೇಳಾಪಟ್ಟಿ ಕೂಡ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಾಗಾಗಿ ಸಾಧನವನ್ನು ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಕೆಟ್ಟಿರುವುದು ಒಂದೇ ಸಾಧನವೋ, ಒಂದು ಕೋಣೆಯ ಎಲ್ಲವೋ, ಇಡೀ ಮನೆಯವೋ? ಯಾವಾಗಿನಿಂದ ಹೀಗೆ: ಕರೆಂಟು ಹೋಗಿ ಬಂದ ಮೇಲೋ, ರೂಟರ್ ಬದಲಾದ ಮೇಲೋ, ಕತ್ತಲಾದಾಗ ಮಾತ್ರವೋ? ಕೈಯಿಂದ ಒತ್ತಿದರೆ ಏನಾಗುತ್ತದೆ?

ಮೂರನೆಯ ಪ್ರಶ್ನೆಯೇ ಅರ್ಧ ಕೆಲಸ ಮುಗಿಸಿಬಿಡುತ್ತದೆ. ಗೋಡೆಯ ಸ್ವಿಚ್ ಒತ್ತಿದಾಗ ದೀಪ ಹೊತ್ತಿ ಆರಿದರೆ ವಿದ್ಯುತ್ತು, ಮಾಡ್ಯೂಲ್‌ನ (ಸ್ವಿಚ್‌ನ ಹಿಂದೆ ಕೂರುವ ಸ್ಮಾರ್ಟ್ ಘಟಕ) ರಿಲೇ (ಕರೆಂಟನ್ನು ಕೂಡಿಸಿ ಕಡಿಯುವ ಒಳ ಸ್ವಿಚ್), ದೀಪ ಮೂರೂ ಸರಿಯಿವೆ. ನೀವು ನೋಡಬೇಕಾದದ್ದು ವೈಫೈ ಕಡೆ. ಟಿಕ್ ಎಂದು ಸದ್ದು ಬಂದರೂ ದೀಪ ಹೊತ್ತದಿದ್ದರೆ ರಿಲೇಯ ಸಂಪರ್ಕ ಸುಟ್ಟಿದೆ, ಇಲ್ಲವೇ ದೀಪವೇ ಹೋಗಿದೆ. ಸದ್ದೂ ಇಲ್ಲ, ಸೂಚಕ ದೀಪವೂ ಇಲ್ಲ ಎಂದರೆ ಮಾಡ್ಯೂಲ್‌ಗೆ ಕರೆಂಟೇ ತಲುಪುತ್ತಿಲ್ಲ, ಅಥವಾ ತಲುಪಿದರೂ ಅದರ ಒಳಗಿನ ಪವರ್ ಸಪ್ಲೈ ಸತ್ತಿದೆ. ಈ ಮೂರು ದಾರಿಗಳು ಬೇರೆ ಬೇರೆ. ಒಂದರ ಪರಿಹಾರವನ್ನು ಇನ್ನೊಂದಕ್ಕೆ ಹಚ್ಚಿದರೆ ಸಮಯ ವ್ಯರ್ಥ.

ಸ್ಮಾರ್ಟ್ ಬಲ್ಬ್ ಇರುವ ಮನೆಯಲ್ಲಿ ಇದಕ್ಕೂ ಮೊದಲು ಗೋಡೆಯತ್ತ ಒಮ್ಮೆ ನೋಡಿ. ಮನೆಯಲ್ಲಿ ಯಾರೋ ಅಭ್ಯಾಸಬಲದಿಂದ ಸ್ವಿಚ್ ಆರಿಸಿ ಹೋಗಿರುತ್ತಾರೆ, ಬಲ್ಬ್‌ಗೆ ಕರೆಂಟೇ ಇರುವುದಿಲ್ಲ. ಇನ್ನೊಂದು: ಹಲವು ಬಲ್ಬ್‌ಗಳನ್ನು ಬೇಗ ಬೇಗ ಮೂರರಿಂದ ಐದು ಸಲ ಆರಿಸಿ ಹಾಕಿದರೆ ಅವು ತಾವಾಗಿಯೇ ಪೇರಿಂಗ್ ಮೋಡ್‌ಗೆ, ಅಂದರೆ ಹೊಸದಾಗಿ ಜೋಡಿಸಿಕೊಳ್ಳಲು ಕಾಯುವ ಸ್ಥಿತಿಗೆ, ಹೋಗುತ್ತವೆ. ಮಕ್ಕಳು ಸ್ವಿಚ್‌ನಲ್ಲಿ ಆಟವಾಡಿದ ಮೇಲೆ ಬಲ್ಬ್ ಮಿಟುಕುತ್ತಲೇ ಇದ್ದರೆ ಅದು ಕೆಟ್ಟಿಲ್ಲ, ಮರೆತಿದೆ ಅಷ್ಟೇ. ಚಿಕ್ಕವರು, ಹಿರಿಯರು, ನೆಂಟರು ಎಲ್ಲರೂ ಓಡಾಡುವ ಮನೆಗೆ ಸ್ಮಾರ್ಟ್ ಬಲ್ಬ್‌ಗಿಂತ ಸ್ವಿಚ್‌ನ ಹಿಂದೆ ಕೂರುವ ಮಾಡ್ಯೂಲೇ ಒಳ್ಳೆಯದು. ಯಾರು ಹೇಗೆ ಒತ್ತಿದರೂ ದೀಪ ಹೊತ್ತುತ್ತದೆ, ಆ್ಯಪ್‌ಗೂ ಸರಿಯಾದ ಸ್ಥಿತಿ ಗೊತ್ತಿರುತ್ತದೆ. ಬಣ್ಣ ಬದಲಿಸುವ ಆಸೆ ಇದ್ದ ಕಡೆ ಮಾತ್ರ ಸ್ಮಾರ್ಟ್ ಬಲ್ಬ್ ಇರಲಿ.

ಎಲ್ಲವೂ ಒಟ್ಟಿಗೆ ಆಫ್‌ಲೈನ್ ಆದಾಗ

ಹತ್ತು ಸಾಧನಗಳು ಒಂದೇ ಹೊತ್ತಿಗೆ ಕೆಡುವುದಿಲ್ಲ. ದೋಷ ಅವೆಲ್ಲಕ್ಕೂ ಸಾಮಾನ್ಯವಾದ ಜಾಗದಲ್ಲಿರುತ್ತದೆ: ರೂಟರ್, ಇಂಟರ್‌ನೆಟ್ ಸಂಪರ್ಕ, ಅಥವಾ ತಯಾರಕರ ಸರ್ವರ್. ಫೋನಿನ ಮೊಬೈಲ್ ಡೇಟಾ ಆರಿಸಿ, ವೈಫೈನಲ್ಲಿ ಒಂದು ಪುಟ ತೆರೆದು ನೋಡಿ. ಡೇಟಾ ಆರಿಸದೆ ಪರೀಕ್ಷಿಸಿದರೆ ಫೋನು ನಿಮ್ಮನ್ನು ಮೋಸ ಮಾಡುತ್ತದೆ. ವೈಫೈ ಸತ್ತಿದ್ದರೂ ಪುಟ ತೆರೆದುಕೊಳ್ಳುತ್ತದೆ. ಪುಟ ಬಂತು, ಆದರೂ ಸಾಧನಗಳೆಲ್ಲ ಆಫ್‌ಲೈನ್ ಎಂದರೆ ರೂಟರ್‌ನ ಸೆಟ್ಟಿಂಗ್ ಬದಲಾಗಿರಬಹುದು. ಆ್ಯಪ್‌ನಲ್ಲಿ ಕೆಲಸ ಮಾಡಿ, ಧ್ವನಿ ಸಹಾಯಕಕ್ಕೆ ಹೇಳಿದಾಗ ಮಾತ್ರ ಮಾಡದಿದ್ದರೆ ಎರಡು ಖಾತೆಗಳ ನಡುವಿನ ಅನುಮತಿ ಕಡಿದುಹೋಗಿದೆ. ಸಹಾಯಕದ ಆ್ಯಪ್‌ನಲ್ಲಿ ಆ ಸೇವೆಯನ್ನು ಕಳಚಿ ಮತ್ತೆ ಜೋಡಿಸಿದರೆ ಸಾಕು, ಯಾವ ಸಾಧನವನ್ನೂ ಮುಟ್ಟಬೇಕಿಲ್ಲ.

ಹೊಸ ರೂಟರ್ ಬಂದ ದಿನ ಎಲ್ಲ ಬಲ್ಬ್‌ಗಳನ್ನೂ ಒಂದೊಂದಾಗಿ ಮತ್ತೆ ಸೇರಿಸುವ ಶಿಕ್ಷೆ ಬೇಡ. ಹೊಸ ರೂಟರ್‌ಗೆ ಹಳೆಯ ವೈಫೈ ಹೆಸರನ್ನೂ ಹಳೆಯ ಪಾಸ್‌ವರ್ಡನ್ನೂ ಅಕ್ಷರ, ಜಾಗ, ದೊಡ್ಡಕ್ಷರ, ಸಣ್ಣಕ್ಷರ ಒಂದೂ ಬಿಡದಂತೆ ಕೊಡಿ. 2.4 ಗಿಗಾಹರ್ಟ್ಸ್ ಬ್ಯಾಂಡ್ ಚಾಲೂ ಇರಲಿ, ಏಕೆಂದರೆ ಬಹುಪಾಲು ಅಗ್ಗದ ಸ್ವಿಚ್, ಪ್ಲಗ್, ಬಲ್ಬ್‌ಗಳ ಚಿಪ್‌ಗೆ 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಭದ್ರತೆಯ ವಿಧಾನ ಡಬ್ಲ್ಯುಪಿಎ2, ಅಥವಾ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಸೇರಿದ್ದು ಇರಲಿ. ಡಬ್ಲ್ಯುಪಿಎ3 ಒಂದನ್ನೇ ಇಟ್ಟರೆ ಹಳೆಯ ಸಾಧನಗಳು ಬಾಗಿಲಲ್ಲೇ ನಿಲ್ಲುತ್ತವೆ. ಇಷ್ಟು ಮಾಡಿದರೆ ಎಲ್ಲವೂ ತಾವಾಗಿ ಬಂದು ಸೇರಿಕೊಳ್ಳುತ್ತವೆ.

ಅರ್ಧ ಸಾಧನಗಳು ಸೇರಿ ಉಳಿದರ್ಧ ಹೊರಗುಳಿದರೆ ರೂಟರ್‌ನ ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಜಾಲದ ವಿಳಾಸ ಹಂಚುವ) ಪುಟ ತೆರೆಯಿರಿ. ವಿಳಾಸಗಳ ವ್ಯಾಪ್ತಿ 192.168.1.100ರಿಂದ 192.168.1.120 ಎಂದಿದ್ದರೆ ಕೊಡಲು ಇರುವುದು 21 ವಿಳಾಸ ಮಾತ್ರ. ನಾಲ್ಕು ಫೋನು, ಎರಡು ಲ್ಯಾಪ್‌ಟಾಪ್, ಟಿವಿ, ಒಂದಿಷ್ಟು ಬಲ್ಬು ಬಂದವೆಂದರೆ ಮುಗಿಯಿತು. ವ್ಯಾಪ್ತಿಯನ್ನು 50ರಿಂದ 250ರವರೆಗೆ ಹಿಗ್ಗಿಸಿ.

ಕರೆಂಟು ಹೋಗಿ ಬಂದ ಮೇಲಷ್ಟೇ ತೊಂದರೆ ಕಾಣಿಸಿಕೊಂಡರೆ ಕಾರಣ ಓಟದ ವೇಗ. ಮಾಡ್ಯೂಲ್ ಕೆಲವೇ ಸೆಕೆಂಡಿನಲ್ಲಿ ಎದ್ದು ವೈಫೈ ಹುಡುಕುತ್ತದೆ, ರೂಟರ್ ಏಳಲು ಎರಡು ಮೂರು ನಿಮಿಷ ಬೇಕು. ಕೆಲವು ಸಾಧನಗಳು ಹುಡುಕಿ ಹುಡುಕಿ ಸುಮ್ಮನಾಗಿಬಿಡುತ್ತವೆ. ರೂಟರ್ ಪೂರ್ತಿ ಎದ್ದ ಮೇಲೆ ದೀಪಗಳ ಎಂಸಿಬಿಯನ್ನು (ಮೇನ್ ಬೋರ್ಡಿನಲ್ಲಿರುವ ಟ್ರಿಪ್ ಸ್ವಿಚ್) ಹತ್ತು ಸೆಕೆಂಡು ಇಳಿಸಿ ಏರಿಸಿದರೆ ಸರಿಹೋಗುತ್ತದೆ. ಪದೇ ಪದೇ ಕರೆಂಟು ಹೋಗುವ ಕಡೆ ರೂಟರ್‌ಗೆ ಒಂದು ಪುಟ್ಟ ಡಿಸಿ ಯುಪಿಎಸ್ ಹಾಕಿಬಿಡಿ. ಕೊಳ್ಳುವಾಗ ರೂಟರ್ ಅಡಾಪ್ಟರ್‌ನ ಮೇಲಿರುವ ವೋಲ್ಟ್, ಆಂಪಿಯರ್ ಮತ್ತು ಪಿನ್ನಿನ ಗಾತ್ರ ಹೊಂದುತ್ತವೆಯೇ ನೋಡಿ. 12 ವೋಲ್ಟ್‌ನ ಯುಪಿಎಸ್ಸನ್ನು 9 ವೋಲ್ಟ್‌ನ ರೂಟರ್‌ಗೆ ಚುಚ್ಚಿದರೆ ರೂಟರ್ ಸುಟ್ಟುಹೋಗಬಹುದು.

ಒಂದೇ ಸಾಧನ ಮತ್ತೆ ಮತ್ತೆ ಕಳಚಿಕೊಂಡರೆ

ಆ್ಯಪ್‌ನ ‘ಸಾಧನದ ಮಾಹಿತಿ’ ಪುಟದಲ್ಲಿ ಅಥವಾ ರೂಟರ್‌ನ ಪಟ್ಟಿಯಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಅಂಕಿ ಋಣಾತ್ಮಕ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. −50 ಸೊಗಸು, −67ರವರೆಗೆ ಚಿಂತೆಯಿಲ್ಲ, −75 ದಾಟಿದರೆ ಕಳಚಿಕೊಳ್ಳುವುದು ಶುರು, −80ರ ಆಚೆ ಏನು ಮಾಡಿದರೂ ನಿಲ್ಲದು. ಅದೇ ಜಾಗದಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿದೆಯಲ್ಲ ಎಂದು ವಾದಿಸಬೇಡಿ. ಮಾಡ್ಯೂಲ್‌ನ ಆಂಟೆನಾ ಬೆರಳ ತುದಿಯಷ್ಟು, ಅದೂ ಗೋಡೆಯೊಳಗೆ, ತಂತಿಗಳ ನಡುವೆ, ಎಷ್ಟೋ ಸಲ ಕಬ್ಬಿಣದ ಪೆಟ್ಟಿಗೆಯಲ್ಲಿ. ಕಬ್ಬಿಣದ ಪೆಟ್ಟಿಗೆಯಾದರೆ ಮಾಡ್ಯೂಲನ್ನು ಹಿಂಬದಿಗೆ ತುರುಕದೆ ಪ್ಲಾಸ್ಟಿಕ್ ಮುಂಫಲಕದ ಕಡೆಗೆ ತನ್ನಿ. ಸಣ್ಣ ವೈರಿನಂಥ ಆಂಟೆನಾ ಇದ್ದರೆ ಅದನ್ನು ಸುತ್ತಿಡದೆ, ಕತ್ತರಿಸದೆ ನೆಟ್ಟಗೆ ಬಿಡಿ.

ಸಾಧನ ಕೆಟ್ಟಿದೆಯೋ ಸಿಗ್ನಲ್ ಸಾಲದೋ ಎಂದು ತಿಳಿಯಲು ರೀಸೆಟ್ ಬೇಕಿಲ್ಲದ ಒಂದು ಪರೀಕ್ಷೆ ಇದೆ. ಒಂದು ಫೋನಿನ ಹಾಟ್‌ಸ್ಪಾಟ್‌ಗೆ ಮನೆಯ ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಡಿ, ಬ್ಯಾಂಡ್ 2.4 ಗಿಗಾಹರ್ಟ್ಸ್ ಆಯ್ದುಕೊಳ್ಳಿ, ರೂಟರ್ ಆರಿಸಿ, ಆ ಫೋನನ್ನು ಸಾಧನದಿಂದ ಒಂದು ಮೀಟರ್ ದೂರದಲ್ಲಿಡಿ. ಇನ್ನೊಂದು ಫೋನಿನಿಂದ ಆ್ಯಪ್ ನೋಡಿ. ಸಾಧನ ಆನ್‌ಲೈನ್ ಬಂದು ಅರ್ಧ ಗಂಟೆ ಅಲುಗದೆ ನಿಂತರೆ ಅದರ ತಪ್ಪೇನಿಲ್ಲ. ರೂಟರ್‌ನ ಜಾಗ ಬದಲಿಸಿ, ಇಲ್ಲವೇ ಮಧ್ಯೆ ಒಂದು ಮೆಶ್ ಘಟಕ (ವೈಫೈಯನ್ನು ಮುಂದಕ್ಕೆ ಹಬ್ಬಿಸುವ ಪೆಟ್ಟಿಗೆ) ಇಡಿ. ಅಷ್ಟು ಹತ್ತಿರವಿದ್ದೂ ಕಳಚಿಕೊಂಡರೆ ಸಾಧನದ ರೇಡಿಯೊ ಅಥವಾ ಪವರ್ ಸಪ್ಲೈಯಲ್ಲಿ ದೋಷ.

ಸಿಗ್ನಲ್ ಬಲವಾಗಿದ್ದೂ ಕಳಚಿಕೊಳ್ಳುವುದು ಗದ್ದಲದಿಂದ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ವೈಫೈ ಅನಲೈಸರ್ ಆ್ಯಪ್‌ನಲ್ಲಿ ಅಕ್ಕಪಕ್ಕದವರು ಯಾವುದರಲ್ಲಿದ್ದಾರೆ ನೋಡಿ, ಈ ಮೂರರಲ್ಲಿ ಖಾಲಿ ಇರುವುದನ್ನು ಕೈಯಾರೆ ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ‘ಆಟೋ’ ಇಟ್ಟರೆ ರೂಟರ್ ತನಗೆ ತೋಚಿದಾಗ ಚಾನೆಲ್ ಬದಲಿಸುತ್ತದೆ. ಫೋನು ಹಿಂಬಾಲಿಸುತ್ತದೆ, ಬಡಪಾಯಿ ಪ್ಲಗ್ ಹಿಂದೆ ಬೀಳುತ್ತದೆ. ಅಡುಗೆಮನೆಯ ಸಾಧನ ಮಾತ್ರ, ಅದೂ ಮೈಕ್ರೋವೇವ್ ಓಡುವಾಗ ಮಾತ್ರ ಹೋದರೆ ಬೇರೆ ಕಾರಣ ಹುಡುಕಬೇಡಿ: ಆ ಒಲೆಯೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ.

ಸಾಧನ ಆನ್‌ಲೈನ್ ಇದೆ, ಮನೆಯ ಒಬ್ಬರ ಫೋನಿಗೆ ಮಾತ್ರ ಕಾಣುವುದಿಲ್ಲ ಎಂದರೆ ಆ ಫೋನು ಅತಿಥಿ ವೈಫೈನಲ್ಲಿದೆಯೇ, ವಿಪಿಎನ್ ಚಾಲೂ ಇದೆಯೇ ನೋಡಿ. ಅತಿಥಿ ಜಾಲದಲ್ಲಿರುವ ಫೋನಿಗೆ ಒಳಗಿನ ಸಾಧನಗಳು ಕಾಣದಂತೆ ರೂಟರೇ ಅಡ್ಡಗೋಡೆ ಕಟ್ಟಿರುತ್ತದೆ.

ಬೋರ್ಡ್ ಬಿಚ್ಚಬೇಕಾಗಿ ಬಂದರೆ

ಇಲ್ಲಿಂದ ಮುಂದೆ ಪ್ರಾಣದ ಮಾತು. ಎಂಸಿಬಿ ಇಳಿಸಿ, ಯಾವ ಎಂಸಿಬಿ ಎಂದು ಖಾತ್ರಿ ಇಲ್ಲದಿದ್ದರೆ ಮೇನ್ ಇಳಿಸಿ. ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಒಂದು ಸಾಕೆಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ಬಿಚ್ಚಬೇಕಾದ ಜಾಗದಲ್ಲಿ ಸೊನ್ನೆ ನೋಡಿ, ಮತ್ತೆ ಆ ಸಾಕೆಟ್‌ಗೆ ಹೋಗಿ ಮೀಟರ್ ಇನ್ನೂ ಸರಿಯಾಗಿ ತೋರಿಸುತ್ತಿದೆಯೇ ನೋಡಿ. ಮೇನ್ ಇಳಿಸಿದ್ದರೆ ಈ ಪರೀಕ್ಷೆಗೆ ಮನೆಯ ವೈರಿಂಗ್‌ಗೆ ಸೇರದ ಬೇರೆ ಮೂಲ ಬೇಕಾಗುತ್ತದೆ; ಅಂದಹಾಗೆ, ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದರೂ ದೀಪದ ಸಾಲಿನಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನೂ ಆರಿಸಲೇಬೇಕು. ಕರೆಂಟ್ ಇರುವಾಗ ಅಳೆಯುವುದು ಅಭ್ಯಾಸವಿಲ್ಲದವರು, ಅಥವಾ ಗೋಡೆಯ ವೈರಿಂಗ್‌ಗೆ ಪರವಾನಗಿ ಬೇಕೆಂಬ ನಿಯಮವಿರುವ ಕಡೆ ಇರುವವರು, ಇಲ್ಲಿಂದ ಮುಂದಿನದನ್ನು ಎಲೆಕ್ಟ್ರಿಷಿಯನ್‌ಗೆ ಸರಿಯಾಗಿ ವಿವರಿಸಲು ಓದಿಕೊಳ್ಳಿ.

ಸೂಚಕ ದೀಪವೂ ಹೊತ್ತದ ಮಾಡ್ಯೂಲ್‌ನಲ್ಲಿ, ಬೋರ್ಡ್ ತೆರೆದಾದ ಮೇಲೆ ಕರೆಂಟು ಮತ್ತೆ ಹಾಕಿ, ಬರಿತಂತಿ ಮುಟ್ಟದೆ ಫೇಸ್ ಮತ್ತು ನ್ಯೂಟ್ರಲ್ ಟರ್ಮಿನಲ್‌ಗಳ ನಡುವೆ ಅಳೆಯಿರಿ. 230 ವೋಲ್ಟ್‌ನ ಆಸುಪಾಸು ಬಂದರೆ ಮಾಡ್ಯೂಲ್ ಸತ್ತಿದೆ, ಬದಲಿಸಿ. ಅಲ್ಲಿ ಏನೂ ಬರದೆ ಫೇಸ್ ಮತ್ತು ಅರ್ಥ್ ನಡುವೆ 230 ಬಂದರೆ ನ್ಯೂಟ್ರಲ್ ಎಲ್ಲೋ ಕಳಚಿದೆ. 40, 70, 90 ಎಂಬಂಥ ಅಂಕಿ ಬಂದು ಕುಣಿಯುತ್ತಿದ್ದರೆ ಅದು ಬಹುಮಟ್ಟಿಗೆ ಹುಸಿ ವೋಲ್ಟೇಜ್: ಡಿಜಿಟಲ್ ಮೀಟರ್‌ನ ಒಳರೋಧ ತುಂಬ ಹೆಚ್ಚು, ಹಾಗಾಗಿ ಪಕ್ಕದ ತಂತಿಯಿಂದ ಹಾದುಬಂದ ಅತ್ಯಲ್ಪ ವಿದ್ಯುತ್ತನ್ನೂ ಅದು ತೋರಿಸುತ್ತದೆ. ಅಂಥ ತಂತಿ ಎಲ್ಲಿಗೂ ಸೇರಿಲ್ಲ ಎಂದರ್ಥ.

ಮಾಡ್ಯೂಲ್ ಹಾಕಿದ ದಿನದಿಂದ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸುರಕ್ಷಾ ಸ್ವಿಚ್) ಬೀಳತೊಡಗಿದರೆ ಎಲ್ಲರೂ ಮಾಡ್ಯೂಲನ್ನೇ ಬೈಯುತ್ತಾರೆ. ನಿಜವಾದ ಕಾರಣ ಸಾಮಾನ್ಯವಾಗಿ ಎರವಲು ನ್ಯೂಟ್ರಲ್. ಹಳೆಯ ಸ್ವಿಚ್‌ಬೋರ್ಡ್‌ಗಳಲ್ಲಿ ನ್ಯೂಟ್ರಲ್ ಇರುವುದಿಲ್ಲ, ಅದು ನೇರ ದೀಪಕ್ಕೆ ಹೋಗಿರುತ್ತದೆ. ಆಗ ಪಕ್ಕದ ಸಾಕೆಟ್‌ನಿಂದ ಒಂದು ನ್ಯೂಟ್ರಲ್ ಎಳೆದುಕೊಳ್ಳುತ್ತಾರೆ. ಆ ಸಾಕೆಟ್ ಬೇರೆ ಆರ್‌ಸಿಸಿಬಿಯ ಅಡಿಯಲ್ಲಿದ್ದರೆ ಫೇಸ್ ಒಂದರಿಂದ ಹೊರಟು ನ್ಯೂಟ್ರಲ್ ಇನ್ನೊಂದಕ್ಕೆ ಮರಳುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕ ತಾಳೆಯಾಗದೆ, ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ, ಎರಡೂ ಕಡೆ ಟ್ರಿಪ್. ಅದೇ ಸರ್ಕ್ಯೂಟ್‌ನ ನ್ಯೂಟ್ರಲ್ ತರುವುದು ಒಂದೇ ದಾರಿ. ಅರ್ಥ್ ವೈರನ್ನು ನ್ಯೂಟ್ರಲ್ ಆಗಿ ಬಳಸುವ ‘ಜಾಣತನ’ವನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ, ಆ ವೈರು ಎಲ್ಲೋ ಕಡಿದ ದಿನ ಅದಕ್ಕೆ ಸೇರಿದ ಲೋಹದ ಮೈಗಳೆಲ್ಲ ಶಾಕ್ ಹೊಡೆಯುತ್ತವೆ.

ಫ್ಯಾನ್ ಅಥವಾ ದೊಡ್ಡ ದೀಪ ಹಾಕಿದ ಕೂಡಲೇ ಮಾಡ್ಯೂಲ್ ರೀಸ್ಟಾರ್ಟ್ ಆಗುವುದು ಲೂಸ್ ಕನೆಕ್ಷನ್ನಿನ ಲಕ್ಷಣ. ಇನ್ಸುಲೇಷನ್ ಸುಲಿದಿರುವುದು 7–8 ಮಿಲಿಮೀಟರ್ ಇರಬೇಕು. ಕಡಿಮೆಯಾದರೆ ಸ್ಕ್ರೂ ತಾಮ್ರದ ಬದಲು ಪ್ಲಾಸ್ಟಿಕ್ ಕಚ್ಚುತ್ತದೆ, ಹೆಚ್ಚಾದರೆ ಬರಿತಂತಿ ಹೊರಗುಳಿಯುತ್ತದೆ. ಎಳೆಎಳೆಯಾದ ವೈರಿಗೆ ತುದಿಯಲ್ಲಿ ಫೆರೂಲ್ (ಪುಟ್ಟ ಲೋಹದ ಕೊಳವೆ) ಒತ್ತಿ. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಜಗ್ಗಿ ನೋಡಿ. ಟರ್ಮಿನಲ್ ಕಂದಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಮಾಡ್ಯೂಲನ್ನು ಎಸೆಯಿರಿ; ವೈರಿನ ಸುಟ್ಟ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ.

ಇನ್ನು ರಿಲೇ. ಆನ್ ಮಾಡಿ ಔಟ್‌ಪುಟ್ ಮತ್ತು ನ್ಯೂಟ್ರಲ್ ನಡುವೆ ಅಳೆಯಿರಿ. 230 ಇದ್ದೂ ದೀಪ ಹೊತ್ತದಿದ್ದರೆ ದೀಪ ಅಥವಾ ಅದಕ್ಕೆ ಹೋಗುವ ವೈರು ಕೆಟ್ಟಿದೆ. ಟಿಕ್ ಎಂದರೂ ಅಂಕಿ ಬರದಿದ್ದರೆ ರಿಲೇಯ ಸಂಪರ್ಕ ಸುಟ್ಟಿದೆ. ಆ್ಯಪ್ ‘ಆಫ್’ ಎನ್ನುತ್ತಿದೆ, ದೀಪ ಮಾತ್ರ ಆರುತ್ತಿಲ್ಲ ಎಂದರೆ ಸಂಪರ್ಕಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಬೆರಳಲ್ಲಿ ತಟ್ಟಿದರೆ ಬಿಡಿಸಿಕೊಂಡು ಮತ್ತೆ ಸ್ವಲ್ಪ ದಿನ ಓಡಬಹುದು, ನಂಬಬೇಡಿ. ಮಾಡ್ಯೂಲ್ ಮೇಲೆ ಬರೆದ 10 ಆಂಪಿಯರ್ ಎಂಬುದು ಹೀಟರ್‌ನಂಥ ಸರಳ ಲೋಡ್‌ಗೆ ಮಾತ್ರ. ಎಲ್‌ಇಡಿ ಡ್ರೈವರ್‌ನ ಒಳಗಿನ ಕೆಪಾಸಿಟರ್ ತುಂಬುವ ಕ್ಷಣದಲ್ಲಿ ಮಾಮೂಲಿನ ಹಲವು ಪಟ್ಟು ಕರೆಂಟು ನುಗ್ಗುತ್ತದೆ. ಹನ್ನೆರಡು ಪ್ಯಾನೆಲ್ ದೀಪಗಳ ಒಟ್ಟು ವ್ಯಾಟ್ ಕಡಿಮೆಯೇ ಇರಬಹುದು, ಆದರೆ ಹನ್ನೆರಡೂ ಡ್ರೈವರ್‌ಗಳು ಒಂದೇ ಕ್ಷಣಕ್ಕೆ ಎಳೆದರೆ ರಿಲೇ ಬೆಸೆದುಕೊಳ್ಳುತ್ತದೆ. ಎರಡು ಮೂರು ರಿಲೇಗೆ ಹಂಚಿಬಿಡಿ. ನೀರಿನ ಮೋಟಾರು ಶುರುವಾಗುವಾಗ ಐದಾರು ಪಟ್ಟು ಎಳೆಯುತ್ತದೆ, ಅದನ್ನು ನೇರವಾಗಿ ಮಾಡ್ಯೂಲ್‌ಗೆ ಕೊಡುವುದೇ ತಪ್ಪು; ಮಾಡ್ಯೂಲ್ ಕಾಂಟ್ಯಾಕ್ಟರ್‌ನ (ಭಾರಿ ಲೋಡ್‌ಗೆಂದೇ ಇರುವ ದೊಡ್ಡ ರಿಲೇ) ಕಾಯಿಲನ್ನು ನಡೆಸಲಿ, ಕಾಂಟ್ಯಾಕ್ಟರ್ ಮೋಟಾರನ್ನು ನಡೆಸಲಿ. ಗೀಸರ್‌ನ ಲೆಕ್ಕ ಸುಲಭ: 2000 ವ್ಯಾಟ್‌ಗೆ 8.7 ಆಂಪಿಯರ್, 3000 ವ್ಯಾಟ್‌ಗೆ 13. ಮೊದಲನೆಯದು 10ರ ಒಳಗೇ ಇದೆಯಲ್ಲ ಎನಿಸಬಹುದು. ಗಾಳಿಯಾಡದ ಪೆಟ್ಟಿಗೆಯಲ್ಲಿ ಹೊತ್ತುಗಟ್ಟಲೆ ಅಷ್ಟು ಹರಿದರೆ ಟರ್ಮಿನಲ್ ಕರಗುತ್ತದೆ. 16 ಅಥವಾ 20 ಆಂಪಿಯರ್‌ನದನ್ನೇ ಹಾಕಿ.

ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಮಿನುಗುವುದು ಮನೆಮನೆಯ ದೂರು. ಇದಕ್ಕೆ ಮೂರು ಕಾರಣ, ಮೊದಲನೆಯದು ಅಪಾಯದ್ದು: ಸ್ವಿಚ್ ಫೇಸ್ ಬದಲು ನ್ಯೂಟ್ರಲನ್ನು ಕಡಿಯುತ್ತಿರಬಹುದು. ದೀಪ ಆರಿದ್ದಾಗ ಹೋಲ್ಡರ್‌ನಲ್ಲಿ ಅರ್ಥ್‌ಗೆ ಎದುರಾಗಿ 230 ಬಂದರೆ ಅದೇ, ಕೂಡಲೇ ಸರಿಪಡಿಸಿ. ಎರಡನೆಯದು ನ್ಯೂಟ್ರಲ್ ಬೇಡದ ಮಾಡ್ಯೂಲ್. ಅದು ತನ್ನ ಉಸಿರಿಗೆ ಬೇಕಾದ ಪುಟ್ಟ ಕರೆಂಟನ್ನು ದೀಪದ ಮೂಲಕವೇ ಎಳೆಯುತ್ತದೆ; 3–5 ವ್ಯಾಟ್‌ನ ಎಲ್‌ಇಡಿಗೆ ಮಿನುಗಲು ಅಷ್ಟೇ ಸಾಕು. ಜೊತೆಗೆ ಬರುವ ಬೈಪಾಸ್ ತುಂಡನ್ನು ದೀಪದ ಎರಡು ತುದಿಗೆ, ದೀಪದ ಬಳಿಯೇ ಜೋಡಿಸಬೇಕು. ಸ್ವಿಚ್ಚಿನ ಬಳಿ ಹಾಕಿದರೆ ಪ್ರಯೋಜನವಿಲ್ಲ. ಮೂರನೆಯದು ಮೆಟ್ಟಿಲಿನ ಟೂವೇ ಸ್ವಿಚ್‌ನಂಥ ಕಡೆ, ಉದ್ದಕ್ಕೆ ಅಂಟಿಕೊಂಡು ಹೋದ ತಂತಿಗಳಿಂದ ಹಾದುಬರುವ ಸೋರಿಕೆ. 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೇರಿದ ಸಿದ್ಧ ಸ್ನಬ್ಬರನ್ನು ದೀಪಕ್ಕೆ ಸಮಾಂತರವಾಗಿ ಹಾಕಿದರೆ ಆರುತ್ತದೆ. ಅದರ ಕೆಪಾಸಿಟರ್ ಮೇಲೆ ಎಕ್ಸ್2 ಎಂಬ ಗುರುತು ಮತ್ತು 275 ವೋಲ್ಟ್ ಎಸಿ ಎಂದು ಇರಲೇಬೇಕು. ಸಾಮಾನ್ಯ ಕೆಪಾಸಿಟರ್ ಇಲ್ಲಿ ಸಿಡಿಯುತ್ತದೆ.

ಬೋರ್ಡ್ ಮುಚ್ಚುವ ಮುನ್ನ ಎರಡು ಸಣ್ಣ ಮಾತು. ದೀಪಕ್ಕೆ ಸ್ವಿಚ್ಚನ್ನು ಎರಡು ಸಲ ಒತ್ತಬೇಕಾಗಿ ಬಂದರೆ ವೈರಿಂಗ್ ತಪ್ಪಿಲ್ಲ. ಆ್ಯಪ್‌ನಲ್ಲಿ ಸ್ವಿಚ್ಚಿನ ಬಗೆ ಬೆಲ್ ಪುಶ್ ಎಂದಿದೆ, ಮಾಮೂಲಿ ಸ್ವಿಚ್ ಎಂದು ಬದಲಿಸಿ. ಮತ್ತು ಸ್ವಿಚ್ ಸೇರುವ ಎಸ್1, ಎಸ್2 ಟರ್ಮಿನಲ್‌ಗೆ ಕೆಲವು ಮಾಡ್ಯೂಲ್‌ಗಳಲ್ಲಿ ಫೇಸ್ ಕೊಡಬೇಕು, ಕೆಲವಕ್ಕೆ ಕೊಡಲೇಬಾರದು. ಕೊಡಬಾರದ್ದಕ್ಕೆ ಕೊಟ್ಟರೆ ಆ ಕ್ಷಣಕ್ಕೇ ಸುಡುತ್ತದೆ. ಹಳೆಯ ಮಾಡ್ಯೂಲ್ ತೆಗೆದು ಬೇರೆ ಮಾದರಿ ಹಾಕುವಾಗ ‘ವೈರು ಇದ್ದ ಹಾಗೇ’ ಜೋಡಿಸಿ ಸುಡುವುದು ಇಲ್ಲೇ.

ಫ್ಯಾನ್ ಗುಂಯ್‌ಗುಟ್ಟಿದರೆ ಸ್ಮಾರ್ಟ್ ರೆಗ್ಯುಲೇಟರ್‌ನ ಸಾಲಿನಲ್ಲಿ ಹಳೆಯ ರೆಗ್ಯುಲೇಟರ್ ಇನ್ನೂ ಉಳಿದಿದೆಯೇ ನೋಡಿ, ಇದ್ದರೆ ತೆಗೆದುಹಾಕಿ. ದೀಪದ ಡಿಮ್ಮರ್‌ಗೆ ಫ್ಯಾನ್ ಹಾಕಬೇಡಿ. ಬಿಎಲ್‌ಡಿಸಿ ಫ್ಯಾನಿಗಂತೂ ಯಾವ ರೆಗ್ಯುಲೇಟರೂ ಬೇಡ, ಬರೀ ಆನ್ ಆಫ್ ಸ್ವಿಚ್ ಸಾಕು.

ಕತ್ತಲಾದರೆ ಸಾಯುವ ಕ್ಯಾಮೆರಾ

ಹಗಲೆಲ್ಲ ಚೆನ್ನಾಗಿದ್ದು ಸಂಜೆ ಆಫ್‌ಲೈನ್ ಆಗುವ ಕ್ಯಾಮೆರಾದಲ್ಲಿ ವೈಫೈ ಹುಡುಕಬೇಡಿ, ಕೇಬಲ್ ನೋಡಿ. ಕತ್ತಲಾದಾಗ ಇನ್ಫ್ರಾರೆಡ್ ದೀಪಗಳು ಹೊತ್ತಿಕೊಂಡು ಕರೆಂಟಿನ ಬೇಡಿಕೆ ಏರುತ್ತದೆ. ತೆಳ್ಳಗಿನ ಯುಎಸ್‌ಬಿ ಕೇಬಲ್‌ನ 28 ಗೇಜ್ ತಂತಿಗೆ ಮೀಟರಿಗೆ ಸುಮಾರು 0.2 ಓಮ್ ರೋಧ. 5 ಮೀಟರ್ ಕೇಬಲ್ ಎಂದರೆ ಹೋಗಿ ಬರುವ ದಾರಿ 10 ಮೀಟರ್, ಒಟ್ಟು 2 ಓಮ್. ಅರ್ಧ ಆಂಪಿಯರ್ ಹರಿದರೆ ಒಂದು ವೋಲ್ಟ್ ದಾರಿಯಲ್ಲೇ ಖರ್ಚಾಗಿ ಕ್ಯಾಮೆರಾಗೆ ಮುಟ್ಟುವುದು 4 ವೋಲ್ಟ್. ಅದು ರೀಸ್ಟಾರ್ಟ್ ಆಗುತ್ತದೆ, ದೀಪ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ. 20 ಗೇಜ್ ಕೇಬಲ್ ಹಾಕಿದರೆ ಅಷ್ಟೇ ದೂರದಲ್ಲಿ ಕಳೆಯುವುದು 0.2 ವೋಲ್ಟ್‌ಗಿಂತ ಕಡಿಮೆ. ಪರೀಕ್ಷೆ ಇನ್ನೂ ಸುಲಭ: ಹಗಲಿನಲ್ಲಿ ಆ್ಯಪ್‌ನಿಂದ ರಾತ್ರಿ ನೋಟವನ್ನು ಬಲವಂತವಾಗಿ ‘ಆನ್’ ಮಾಡಿ. ಬಿದ್ದರೆ ಕೇಬಲ್ ಅಥವಾ ಅಡಾಪ್ಟರ್ ದೋಷ ಖಚಿತ.

ರಾತ್ರಿ ಚಿತ್ರ ಬಿಳಿಯ ಮಬ್ಬಾದರೆ ಹತ್ತಿರದ ಗೋಡೆ, ಸೂರಂಚು ಅಥವಾ ಲೆನ್ಸ್ ಮುಂದಿನ ಜೇಡರ ಬಲೆಯಿಂದ ಬೆಳಕು ಮರಳುತ್ತಿದೆ. ಕಿಟಕಿ ಗಾಜಿನ ಹಿಂದೆ ಇಟ್ಟಿದ್ದರೆ ಇನ್ಫ್ರಾರೆಡ್ ಆರಿಸಿ. ಶಾಖ ಗುರುತಿಸುವ ಚಲನೆ ಸೆನ್ಸರ್‌ಗೂ ಗಾಜಿನಾಚೆ ಏನೂ ಕಾಣದು.

ಬಾಗಿಲ ಲಾಕ್ ಮತ್ತು ಸೆನ್ಸರ್‌ಗಳು

ಲಾಕ್ ‘ಸಿಕ್ಕಿಹಾಕಿಕೊಂಡಿದೆ’ ಎಂದರೆ ಬಾಗಿಲು ತೆರೆದಿಟ್ಟೇ ಬೋಲ್ಟ್ ಹೊರಗೆ ಒಳಗೆ ಓಡಿಸಿ. ತೆರೆದಾಗ ಸಲೀಸು, ಮುಚ್ಚಿದಾಗ ತಡೆ ಎಂದಾದರೆ ಲಾಕ್‌ಗೆ ಏನೂ ಆಗಿಲ್ಲ. ಬಾಗಿಲು ಇಳಿಬಿದ್ದು ಬೋಲ್ಟ್ ಚೌಕಟ್ಟಿನ ತಗಡಿಗೆ ತಾಗುತ್ತಿದೆ. ಬೋಲ್ಟ್ ತುದಿಗೆ ಸೀಮೆಸುಣ್ಣ ಸವರಿ ಒಮ್ಮೆ ಹಾಕಿದರೆ ಗುರುತು ಎಲ್ಲಿ ಬೀಳುತ್ತದೆಂದು ಕಾಣುತ್ತದೆ. ಮೇಲಿನ ಕೀಲಿನ ಸ್ಕ್ರೂಗಳನ್ನು ಬಿಗಿ ಮಾಡಿ, ಹಿಡಿಯದಿದ್ದರೆ ಉದ್ದನೆಯವನ್ನು ಹಾಕಿ. ಆಗಲೂ ಒಂದೆರಡು ಮಿಲಿಮೀಟರ್ ಉಳಿದರೆ ತಗಡಿನ ಕಿಂಡಿಯನ್ನು ಅರದಿಂದ ಉಜ್ಜಿ. ಆಮೇಲೆ ಆ್ಯಪ್‌ನಲ್ಲಿ ಲಾಕನ್ನು ಕ್ಯಾಲಿಬ್ರೇಟ್ ಮಾಡುವುದನ್ನು ಮರೆಯಬೇಡಿ. ಇದನ್ನು ಹಾಗೇ ಬಿಟ್ಟರೆ ಮೋಟಾರು ಪ್ರತಿಸಲ ತಿಣುಕಿ ಬ್ಯಾಟರಿಯನ್ನು ತಿಂದುಹಾಕುತ್ತದೆ.

ನಾಲ್ಕು ಎಎ ಸೆಲ್ ಹಾಕುವ ಲಾಕ್‌ಗೆ 6 ವೋಲ್ಟ್ ಬೇಕು. ರೀಚಾರ್ಜ್ ಸೆಲ್‌ಗಳು ತಲಾ 1.2 ವೋಲ್ಟ್, ಒಟ್ಟು 4.8, ಪೂರ್ತಿ ಚಾರ್ಜ್ ಆಗಿದ್ದರೂ ಲಾಕ್ ‘ಬ್ಯಾಟರಿ ಕಡಿಮೆ’ ಎನ್ನುತ್ತದೆ. ಲಿಥಿಯಂ ಎಎ ಸೆಲ್‌ಗಳ ತೊಂದರೆ ಉಲ್ಟಾ: ಕೊನೆಯವರೆಗೂ ವೋಲ್ಟೇಜ್ ಇಳಿಯದೆ ನಿಂತು, ಎಚ್ಚರಿಕೆ ಇಲ್ಲದೆ ಒಮ್ಮೆಲೇ ಕೈಕೊಡುತ್ತವೆ. ಕೈಪಿಡಿ ಬೇರೆ ಹೇಳದಿದ್ದರೆ ಒಂದೇ ಕಂಪನಿಯ, ಒಂದೇ ದಿನ ಬಿಚ್ಚಿದ ನಾಲ್ಕು ಆಲ್ಕಲೈನ್ ಸೆಲ್ ಹಾಕಿ. ಮನೆಯ ಹೊರಗೆ ಸಿಕ್ಕಿಬಿದ್ದರೆ ಲಾಕ್‌ನ ಕೆಳಗೆ 9 ವೋಲ್ಟ್ ಬ್ಯಾಟರಿ ತಾಗಿಸುವ ಎರಡು ಬಿಂದುಗಳೋ ಯುಎಸ್‌ಬಿ ಕಿಂಡಿಯೋ ಇದೆಯೇ ನೋಡಿ. ಇವು ಎಲ್ಲಿವೆಯೆಂದು ಮನೆಮಂದಿಗೆಲ್ಲ ಮೊದಲೇ ತೋರಿಸಿಟ್ಟಿರಿ.

ಬಾಗಿಲು, ಕಿಟಕಿ ಸೆನ್ಸರ್‌ಗಳಲ್ಲಿ ಅಯಸ್ಕಾಂತ ಮತ್ತು ಸೆನ್ಸರ್ ನಡುವಿನ ಅಂತರ ಒಂದು ಸೆಂಟಿಮೀಟರ್ ಮೀರದಿರಲಿ, ಗುರುತಿನ ಗೆರೆಗಳು ಎದುರುಬದುರಾಗಿರಲಿ. ಕಬ್ಬಿಣದ ಬಾಗಿಲಾದರೆ ಅಡಿಗೆ ಪ್ಲಾಸ್ಟಿಕ್ ತುಂಡು ಇಟ್ಟು ಅಂಟಿಸಿ. ಜಿಗ್ಬಿ (ವೈಫೈ ಬದಲು ತಮ್ಮದೇ ರೇಡಿಯೊ ಜಾಲದಲ್ಲಿ ಹಬ್ ಎಂಬ ಪೆಟ್ಟಿಗೆಗೆ ಸೇರುವ) ಸೆನ್ಸರ್‌ಗಳು ಗುಂಪಾಗಿ ಕಳಚಿಕೊಂಡರೆ ನಡುವಿನ ಕೊಂಡಿ ತಪ್ಪಿದೆ. ಕರೆಂಟಿಗೆ ಸೇರಿದ ಜಿಗ್ಬಿ ಪ್ಲಗ್, ಬಲ್ಬ್‌ಗಳು ಸಂದೇಶವನ್ನು ಮುಂದಕ್ಕೆ ದಾಟಿಸುತ್ತವೆ; ಬ್ಯಾಟರಿಯವು ದಾಟಿಸುವುದಿಲ್ಲ. ಯಾರೋ ಒಂದು ಪ್ಲಗ್ ಕಿತ್ತಿಟ್ಟರೆ ಅದರಾಚೆಯ ಸೆನ್ಸರ್‌ಗಳೆಲ್ಲ ಮೌನ. ಹಬ್‌ನ ಡಾಂಗಲ್ ಯುಎಸ್‌ಬಿ 3 ಕಿಂಡಿಯಲ್ಲಿದ್ದರೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರವಿಡಿ, ಆ ಕಿಂಡಿ 2.4 ಗಿಗಾಹರ್ಟ್ಸ್‌ನಲ್ಲಿ ರೇಡಿಯೊ ಗದ್ದಲ ಹೊರಡಿಸುತ್ತದೆ. ವೈಫೈ 1, 6, 11ರಲ್ಲಿದ್ದರೆ ಜಿಗ್ಬಿಯ 15, 20, 25 ಅವುಗಳ ಸಂದುಗಳಲ್ಲಿ ಬೀಳುತ್ತವೆ. ಆದರೆ ಜಿಗ್ಬಿ ಚಾನೆಲ್ ಬದಲಿಸಿದರೆ ಕೆಲವನ್ನು ಮತ್ತೆ ಸೇರಿಸಬೇಕಾದೀತು. ವೈಫೈ ಚಾನೆಲ್ ಸರಿಸುವುದೇ ಅಗ್ಗದ ದಾರಿ.

ನಡುರಾತ್ರಿ ತಾನಾಗಿ ಹೊತ್ತುವ ದೀಪ

ಭೂತಪ್ರೇತಕ್ಕೆ ಹೋಗುವ ಮೊದಲು ‘ಕರೆಂಟು ಬಂದಾಗಿನ ಸ್ಥಿತಿ’ ಎಂಬ ಸೆಟ್ಟಿಂಗ್ ನೋಡಿ. ಅದು ‘ಆನ್’ ಇದ್ದರೆ ರಾತ್ರಿ ಕರೆಂಟು ಒಂದು ಕ್ಷಣ ಹೋಗಿ ಬಂದರೂ ದೀಪ ಹೊತ್ತುತ್ತದೆ. ಮಲಗುವ ಕೋಣೆಗೆ ‘ಆಫ್’, ಫ್ರಿಜ್ ಅಥವಾ ಅಕ್ವೇರಿಯಂ ಪ್ಲಗ್‌ಗೆ ‘ಆನ್’, ಉಳಿದವಕ್ಕೆ ‘ಕೊನೆಯ ಸ್ಥಿತಿ’ ಇಡಿ. ಗೀಸರ್‌ಗೆ ಯಾವತ್ತೂ ‘ಆಫ್’. ಸಾಧನದ ಇತಿಹಾಸ ಪುಟದಲ್ಲಿ ಯಾರು ಹೊತ್ತಿಸಿದರು ಎಂಬುದು ಇರುತ್ತದೆ: ಆ್ಯಪ್, ವೇಳಾಪಟ್ಟಿ, ಅಥವಾ ಕೈ. ಮೂರೂ ಇಲ್ಲದಿದ್ದರೆ ಕರೆಂಟಿನದೇ ಕೆಲಸ. ವೇಳಾಪಟ್ಟಿ ಗಂಟೆಗಟ್ಟಲೆ ಹಿಂದೆ ಮುಂದೆ ಆದರೆ ಖಾತೆಯ ಟೈಮ್‌ಝೋನ್ ತಪ್ಪಿದೆ. ಸೂರ್ಯಾಸ್ತದ ಆಟೋಮೇಷನ್ ಮಾತ್ರ ತಪ್ಪಿದರೆ ಮನೆಯ ಸ್ಥಳದ ಸೆಟ್ಟಿಂಗ್ ತಪ್ಪಿದೆ. ಹೊತ್ತಿದ ಸೆಕೆಂಡಿಗೆ ಆರಿದರೆ ಎರಡು ಆಟೋಮೇಷನ್‌ಗಳು ಕಾದಾಡುತ್ತಿವೆ, ಬಹುಶಃ ಮನೆಯ ಇಬ್ಬರು ಬೇರೆ ಬೇರೆ ಆ್ಯಪ್‌ನಲ್ಲಿ ಬರೆದವು.

ಈಗ ರೀಸೆಟ್

ಇಷ್ಟೆಲ್ಲ ನೋಡಿಯೂ ಸಾಧನ ಮಿಸುಕದಿದ್ದರೆ ಮೊದಲು ಅದರ ವೇಳಾಪಟ್ಟಿ, ಸೆಟ್ಟಿಂಗ್ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಆ್ಯಪ್‌ನಿಂದಲೂ ಧ್ವನಿ ಸಹಾಯಕದಿಂದಲೂ ಅದನ್ನು ಅಳಿಸಿ. ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಸಾಧನಗಳು ಹೊಂದಿಕೊಳ್ಳಲೆಂದು ಮಾಡಿದ ಮಾನದಂಡ) ಸಾಧನವಾದರೆ ಕ್ಯೂಆರ್ ಕೋಡ್ ಅಥವಾ 11 ಅಂಕಿಯ ಸಂಖ್ಯೆ ಕೈಯಲ್ಲಿದೆಯೇ ಎಂದು ನೋಡಿಕೊಂಡೇ ಮುಂದುವರಿಯಿರಿ. ಆ ಚೀಟಿ ಗೋಡೆಯೊಳಗಿನ ಮಾಡ್ಯೂಲ್‌ನ ಬೆನ್ನಿಗೆ ಅಂಟಿರುತ್ತದೆ, ಹೊಸದನ್ನು ಕೂರಿಸುವ ಮೊದಲೇ ಫೋಟೋ ತೆಗೆಯುವುದು ಜಾಣತನ. ಸೇರಿಸುವ ಹೊತ್ತಿಗೆ ಫೋನು 2.4 ಗಿಗಾಹರ್ಟ್ಸ್‌ನಲ್ಲಿರಲಿ, ಮೊಬೈಲ್ ಡೇಟಾ ಮತ್ತು ವಿಪಿಎನ್ ಆರಿರಲಿ, ಬ್ಲೂಟೂತ್ ಮತ್ತು ಸ್ಥಳದ ಅನುಮತಿ ತೆರೆದಿರಲಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದು ಸೇರದಿದ್ದರೆ ಐದು ನಿಮಿಷ 5 ಗಿಗಾಹರ್ಟ್ಸ್ ಆರಿಸಿ, ಸೇರಿದ ಮೇಲೆ ಮತ್ತೆ ಹಾಕಿ.

ಸೇರಿದ ಸಾಧನಕ್ಕೆ ಹಳೆಯ ಹೆಸರನ್ನೇ ಕೊಡಿ. ಆ್ಯಪ್‌ಗೆ ಇದು ಹೊಸ ಸಾಧನ. ಹಳೆಯ ಆಟೋಮೇಷನ್‌ಗಳು ಇಲ್ಲದ ಸಾಧನವನ್ನೇ ಕರೆಯುತ್ತಿರುತ್ತವೆ. ಒಂದೊಂದನ್ನೂ ತೆರೆದು ಹೊಸದನ್ನು ಆಯ್ದು ಉಳಿಸಿ, ಪ್ರತಿಯೊಂದನ್ನೂ ಒಮ್ಮೆ ಕೈಯಾರೆ ಓಡಿಸಿ ನೋಡಿ.